ಕಂಬದಡಿಯ ಪ್ಲೇಟು ಎಷ್ಟು ದಪ್ಪವಿರಬೇಕು?

ಪ್ರಶ್ನೆ: ಗಂಗಾವತಿ ಸಮೀಪದ ನಮ್ಮ ರೈಸ್ ಮಿಲ್ಲಿನಲ್ಲಿ ಭತ್ತದ ಹಾಪರ್ ಹೊರಲು ಉಕ್ಕಿನ ಕಂಬಗಳನ್ನು ನಿಲ್ಲಿಸುತ್ತಿದ್ದೇವೆ. ಕಂಬ ಐಎಸ್‌ಎಂಬಿ 250, ಅಂದರೆ 250 ಮಿ.ಮೀ. ಆಳದ ಇಂಗ್ಲಿಷ್ I ಆಕಾರದ ಉಕ್ಕಿನ ತೊಲೆ. ಸುರಕ್ಷತಾ ಗುಣಕ ಸೇರಿಸಿ ಒಂದು ಕಂಬಕ್ಕೆ 400 ಕಿಲೋನ್ಯೂಟನ್ ಭಾರವೆಂದು ಎಂಜಿನಿಯರರು ಬರೆದುಕೊಟ್ಟಿದ್ದಾರೆ. 400 × 300 ಮಿ.ಮೀ. ಬೇಸ್ ಪ್ಲೇಟಿಗೆ 12 ಮಿ.ಮೀ. ದಪ್ಪ ಸಾಕೆಂದು ಫ್ಯಾಬ್ರಿಕೇಟರ್ ಹೇಳುತ್ತಾರೆ. ಸರಿಯೇ? ಪ್ಲೇಟಿನಡಿ ಮಾಮೂಲಿ ಸಿಮೆಂಟು ಗಾರೆ ತುಂಬಬಹುದೇ? ಬುನಾದಿಯಲ್ಲಿ ಸರಿದು ನಿಂತ ಬೋಲ್ಟುಗಳಿಗಾಗಿ ಪ್ಲೇಟಿನ ತೂತನ್ನು ಗ್ಯಾಸಿನಿಂದ ಅಗಲಿಸಬಹುದೇ?

ಉತ್ತರ: 12 ಮಿ.ಮೀ. ಸಾಲದು. ಕಂಬದ ಭಾರವನ್ನು ಕಾಂಕ್ರೀಟು ಕೆಳಗಿನಿಂದ ಒತ್ತಿ ಹಿಡಿಯುವಾಗ, ಕಂಬದಿಂದ ಹೊರಚಾಚಿದ ಪ್ಲೇಟಿನ ಅಂಚುಗಳು ಮೇಲಕ್ಕೆ ಬಾಗಲು ನೋಡುತ್ತವೆ. ಆದ್ದರಿಂದ ದಪ್ಪವನ್ನು ತೀರ್ಮಾನಿಸುವುದು ಭಾರವೊಂದೇ ಅಲ್ಲ, ಆ ಚಾಚೂ ಹೌದು. ನಿಮ್ಮ ಕಂಬ 250 ಮಿ.ಮೀ. ಆಳ, 125 ಮಿ.ಮೀ. ಅಗಲ, ಹಾಗಾಗಿ ಚಾಚು ಒಂದು ದಿಕ್ಕಿನಲ್ಲಿ 75, ಇನ್ನೊಂದರಲ್ಲಿ 87.5 ಮಿ.ಮೀ. ಒತ್ತಡ ಚದರ ಮಿ.ಮೀ.ಗೆ 3.33 ನ್ಯೂಟನ್. ಎಂ20 ದರ್ಜೆಯ ಕಾಂಕ್ರೀಟಿಗೆ ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆ ಐಎಸ್ 800:2007 ಅನುಮತಿಸುವ 12 ನ್ಯೂಟನ್‌ಗಿಂತ ಇದು ಬಹಳ ಕಡಿಮೆ, ಕಾಂಕ್ರೀಟಿನ ಚಿಂತೆಯಿಲ್ಲ. ಆದರೆ ಅದೇ ಸಂಹಿತೆಯ ಸೂತ್ರದಲ್ಲಿ ಚದರ ಮಿ.ಮೀ.ಗೆ 250 ನ್ಯೂಟನ್ ಬಲದ ಉಕ್ಕಿಗೆ ದಪ್ಪ 14.8 ಮಿ.ಮೀ. ಬರುತ್ತದೆ, ಪ್ಲೇಟು ಕಂಬದ ಫ್ಲಾಂಜಿಗಿಂತ (I ಆಕಾರದ ಎರಡು ತುದಿಯ ಅಗಲ ಪಟ್ಟಿ), ಅಂದರೆ 12.5 ಮಿ.ಮೀ.ಗಿಂತ, ದಪ್ಪವಿರಬೇಕೆಂಬ ನಿಯಮವೂ ಇದೆ. 16 ಮಿ.ಮೀ. ಹಾಕಿಸಿರಿ. ಇದು ನೇರ ಭಾರದ ಲೆಕ್ಕ ಮಾತ್ರ. ಗಾಳಿ ಮೇಲೆತ್ತುವ ಬಲವಾಗಲಿ, ಬುಡದಲ್ಲಿ ತಿರುಗಿಸುವ ಬಲವಾಗಲಿ ಇದ್ದರೆ, ಬೋಲ್ಟು ಎಳೆಯುವ ಕಡೆ ಪ್ಲೇಟು ಬಾಗುವುದನ್ನು ಎಂಜಿನಿಯರರು ಬೇರೆಯಾಗಿ ನೋಡಬೇಕು. ಎರೆ ಮಣ್ಣಿನಲ್ಲಿ ಬುನಾದಿ ಅಲುಗುವ ಸಂಭವವಿರುವುದರಿಂದ, ಬುಡ ತಿರುಗದಷ್ಟು ಬಿಗಿಯೆಂದು ಅವರು ಭಾವಿಸಿದ್ದಾರೆಯೇ ಎಂದು ಕೇಳಲೇಬೇಕು.

ಕಂಬದ ತುದಿಯನ್ನೂ ಬಗ್ಗಿ ನೋಡಿರಿ. ಗ್ಯಾಸಿನಿಂದ ಕತ್ತರಿಸಿದ ತುದಿ ಪ್ಲೇಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಯಂತ್ರದಲ್ಲಿ ಸಮತಟ್ಟು ಮಾಡದಿದ್ದರೆ ಇಡೀ ಭಾರಕ್ಕೆ ಬೆಸುಗೆಯೇ ಹೊಣೆ, ಆ ಅಳತೆಯಲ್ಲೇ ಅದನ್ನು ಲೆಕ್ಕ ಹಾಕಿಸಬೇಕು.

ಮಾಮೂಲಿ ಗಾರೆ ಬೇಡ. ಅದು ಒಣಗುತ್ತ ಕುಗ್ಗಿ ಪ್ಲೇಟಿನಡಿ ಸಂದು ಬಿಡುತ್ತದೆ. ಆಗ ಮೇಲಿನ ಲೆಕ್ಕದ ಸಮ ಒತ್ತಡವೇ ಸುಳ್ಳಾಗುತ್ತದೆ. ಕುಗ್ಗದ ಗ್ರೌಟನ್ನು (ಸಂದು ತುಂಬುವ ತೆಳು ಮಿಶ್ರಣ) ಒಂದೇ ಬದಿಯಿಂದ, ಎದುರು ಬದಿಯಲ್ಲಿ ಉಕ್ಕಿ ಬರುವತನಕ ಸುರಿಯಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಕಾಂಕ್ರೀಟಿನ ಮೇಲ್ಮೈ ಗ್ರೌಟಿನ ನೀರನ್ನು ಹೀರದಂತೆ ಹಿಂದಿನ ದಿನದಿಂದಲೇ ನೆನೆಸಿಟ್ಟು, ನಿಂತ ನೀರನ್ನು ಒರೆಸಿ, ಬಿಸಿಲಿಳಿದ ಮೇಲೆ ಸುರಿಯಿರಿ.

ತೂತನ್ನು ಗ್ಯಾಸಿನಿಂದ ಕೊರೆಯಬಾರದು, ಬೋಲ್ಟನ್ನು ಕಾಯಿಸಿ ಬಗ್ಗಿಸಲೂಬಾರದು. ಸರಿದದ್ದು ಕೆಲವೇ ಮಿ.ಮೀ. ಆಗಿದ್ದರೆ, ಎಂಜಿನಿಯರರ ಒಪ್ಪಿಗೆ ಪಡೆದು ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಿಸಿ, ಬೋಲ್ಟಿಗೆ ಸರಿಯಾಗಿ ಹೊಂದುವ ತೂತಿನ ದಪ್ಪ ಪ್ಲೇಟು-ವಾಷರನ್ನು ಮೇಲಿಟ್ಟು, ಕಂಬ ನೆಟ್ಟಗೆ ನಿಂತ ಮೇಲೆ ಬೆಸೆಯಬಹುದು. ಉಳಿದ ಬುನಾದಿಗಳಿಗೆ ಕಾಂಕ್ರೀಟು ಹಾಕುವ ಮುನ್ನ ಪ್ಲೇಟಿನದೇ ತೂತುಗಳಿರುವ ತಗಡಿನ ಟೆಂಪ್ಲೇಟಿನಲ್ಲಿ ಬೋಲ್ಟುಗಳನ್ನು ಹಿಡಿದು ನಿಲ್ಲಿಸಿರಿ.