ಕರಾವಳಿಯ ಬಾಡಿಗೆ ಮನೆಯಲ್ಲಿ ಒಂದು ಜೋಡಿ ಸಾಕು ಇಲಿ: ದಿನನಿತ್ಯದ ಬದುಕು ಹೇಗಿರುತ್ತದೆ?

ನೀವು ಕುಮಟಾದಲ್ಲಿ ಬಾಡಿಗೆ ಮನೆ ಹಿಡಿದಿದ್ದೀರಿ, ಒಂದು ಜೋಡಿ ಸಾಕು ಇಲಿಗಳನ್ನು ತರಬೇಕೆಂದಿದ್ದೀರಿ. ಅವುಗಳಿಂದ ವಾಸನೆ ಬರುತ್ತದೆಯೇ, ದಿನಕ್ಕೆ ಎಷ್ಟು ಹೊತ್ತು ಬೇಕು, ಇಲಿ ಜ್ವರದ ಭಯವಿಲ್ಲವೇ, ಒಂದೇ ತಂದರೆ ಸಾಲದೇ ಎಂದು ಕೇಳಿದ್ದೀರಿ. ನಾನು ಕಾರವಾರದ ಹೆಂಚಿನ ಮನೆಯೊಂದರಲ್ಲಿ ಎರಡು ಹೆಣ್ಣಿಲಿಗಳನ್ನು ಸಾಕಿಕೊಂಡಿದ್ದೇನೆ. ಪೂರ್ತಿ ಬೆಳ್ಳಗಿರುವುದಕ್ಕೆ ಮಲ್ಲಿಗೆ ಎಂದೂ, ತಲೆ ಮತ್ತು ಬೆನ್ನು ಕೆಂಚಗಿರುವುದಕ್ಕೆ ಅಬ್ಬಲಿಗೆ ಎಂದೂ ಹೆಸರು. ನನ್ನ ಅನುಭವದಲ್ಲಿ ಇಲಿಗಳು ಸಾಕಲು ಕಷ್ಟದ ಪ್ರಾಣಿಗಳೇನಲ್ಲ. ಕಷ್ಟವಿರುವುದು ನಮ್ಮ ಊರಿನ ಹವೆಯಲ್ಲಿ ಮತ್ತು ನಮ್ಮ ಮನೆಗಳ ಸುತ್ತಮುತ್ತ. ಮಳೆಗಾಲದ ತೇವ, ಬೇಸಿಗೆಯ ಸೆಕೆ, ಮಾಡಿನ ಮೇಲೆ ಓಡಾಡುವ ಹೊರಗಿನ ಇಲಿಗಳು, ಅವನ್ನು ಹುಡುಕಿಕೊಂಡು ಬರುವ ಹಾವು, ಅವಕ್ಕೆಂದು ಇಡುವ ಪಾಷಾಣ, ಇವುಗಳಿಂದ ಆ ಎರಡು ಜೀವಗಳನ್ನು ಬೇರೆಯಾಗಿರಿಸುವುದೇ ಇಲ್ಲಿ ಇಲಿ ಸಾಕುವವರ ಮುಖ್ಯ ಕೆಲಸ.

ಒಂದೇ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಸಾಲದು. ಇಲಿ ಗುಂಪಿನಲ್ಲಿ ಬಾಳುವ ಪ್ರಾಣಿ; ಒಂದರ ಮೇಲೊಂದು ಬಿದ್ದು ಮಲಗುವುದು, ಒಂದರ ಕತ್ತಿನ ಕೂದಲನ್ನು ಇನ್ನೊಂದು ನೆಕ್ಕಿ ಸವರುವುದು, ಕುಸ್ತಿಯಾಡುವುದು, ಬಾಯೊಳಗಿನ ತುತ್ತನ್ನು ಕಸಿದುಕೊಂಡು ಓಡುವುದು, ಇವೆಲ್ಲ ಅವುಗಳ ಎಚ್ಚರದ ಹೊತ್ತಿನ ಬಹುಪಾಲನ್ನು ತುಂಬುತ್ತವೆ ಮತ್ತು ಮನುಷ್ಯನು ಎಷ್ಟೇ ಹೊತ್ತು ಜೊತೆಗಿದ್ದರೂ ಅದನ್ನು ತುಂಬಿಕೊಡಲಾರನು. ಆದರೆ ಜೋಡಿ ಎಂದರೆ ಗಂಡು ಹೆಣ್ಣಿನ ಜೋಡಿಯಲ್ಲ. ಐದಾರು ವಾರಕ್ಕೇ ಇವು ಪ್ರಾಯಕ್ಕೆ ಬರುತ್ತವೆ, ಗರ್ಭದ ಅವಧಿ 21ರಿಂದ 23 ದಿನ, ಒಂದು ಹೆರಿಗೆಗೆ ಎಂಟು ಹತ್ತು ಮರಿಗಳಾಗುವುದು ಸಾಮಾನ್ಯ, ಹೆತ್ತ ಒಂದು ದಿನದೊಳಗೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಆದ್ದರಿಂದ ಎರಡೂ ಹೆಣ್ಣಾಗಿರಲಿ ಅಥವಾ ಎರಡೂ ಗಂಡಾಗಿರಲಿ, ಸಾಧ್ಯವಾದರೆ ಒಂದೇ ಸೂಲಿನವಾಗಿರಲಿ. ಅಂಗಡಿಯವರ ಮಾತನ್ನೇ ನಂಬದೆ, ಬಾಲವೆತ್ತಿ ನೀವೇ ನೋಡಿ. ಐದು ವಾರ ದಾಟಿದ ಗಂಡಿನ ವೃಷಣಗಳು ಎದ್ದು ಕಾಣುತ್ತವೆ. ಹೆಣ್ಣು ಚುರುಕು, ಸದಾ ಏನಾದರೂ ಹೊತ್ತೊಯ್ಯುತ್ತಿರುತ್ತದೆ. ಗಂಡು ದೊಡ್ಡದು, ನಿಧಾನದ್ದು, ತೊಡೆಯ ಮೇಲೆ ಸುಮ್ಮನೆ ಮಲಗಬಲ್ಲದು; ಆದರೆ ಹೋದಲ್ಲೆಲ್ಲ ಮೂತ್ರದ ಹನಿಯಿಂದ ಗುರುತು ಹಾಕುವ ಚಾಳಿ ಅದಕ್ಕೆ ಹೆಚ್ಚು.

ಮನೆಯವರ ವಿರೋಧದ ಬಗ್ಗೆಯೂ ಬರೆದಿದ್ದೀರಿ. ಶಿರಸಿ ಕಡೆಯ ನಮ್ಮ ತೋಟದ ಮನೆಯಲ್ಲಿ ಇಲಿಯೆಂದರೆ ಎಳೆಯ ತೆಂಗಿನಕಾಯಿಯನ್ನು ಕೊರೆದು ಬೀಳಿಸುವ, ಅಟ್ಟದ ಮೇಲಿನ ಚೀಲ ಕತ್ತರಿಸುವ ಶತ್ರು. ನಮ್ಮ ಆಯಿ ಕಾರವಾರಕ್ಕೆ ಬಂದು ಇವುಗಳನ್ನು ಮೊದಲ ಸಲ ನೋಡಿದಾಗ ಗೂಡನ್ನು ಬೋನು ಎಂದೇ ತಿಳಿದು, ದೂರ ಒಯ್ದು ಬಿಟ್ಟು ಬರುವುದು ಯಾವಾಗ ಎಂದು ಕೇಳಿದಳು. ಮಾಡಿನ ಸಂದಿಯಲ್ಲಿ ಓಡುವ ಮನೆ ಇಲಿಯೂ ಸಾಕು ಇಲಿಯೂ ಬೇರೆ ಬೇರೆ ಜಾತಿಗಳು, ಅವೆರಡು ಕೂಡಿ ಮರಿಯನ್ನೂ ಹಾಕಲಾರವು. ಸಾಕು ಇಲಿಯ ಮೂಲ ಕಂದು ಇಲಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತ ಅಪರೂಪದ ಬಣ್ಣದವನ್ನು ಕೊಲ್ಲದೆ ಉಳಿಸಿ, ಮರಿ ಮಾಡಿಸಿ, ಸಾಕುವವರಿಗೆ ಮಾರುತ್ತಿದ್ದ. ಆಮೇಲೆ ಪ್ರಯೋಗಾಲಯಗಳಿಗೂ ಕಂದು ಇಲಿಯ ಬಿಳಿ ತಳಿಗಳು ಬಂದವು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1906ರಲ್ಲಿ ಆರಂಭವಾದ ವಿಸ್ಟಾರ್ ತಳಿ ಅವುಗಳಲ್ಲಿ ಪ್ರಸಿದ್ಧವಾದುದು. ನೂರಾರು ತಲೆಮಾರು ಮನುಷ್ಯರ ಕೈಯಲ್ಲೇ ಬೆಳೆದ ಪ್ರಾಣಿಯಿದು ಎಂದು ವಿವರಿಸಿದ್ದರಿಂದ ಆಯಿಯ ಅಭಿಪ್ರಾಯವೇನೂ ಬದಲಾಗಲಿಲ್ಲ. ಅಬ್ಬಲಿಗೆ ಎರಡು ಕೈಯಲ್ಲಿ ಅವಲಕ್ಕಿ ಹಿಡಿದು ತಿನ್ನುವುದನ್ನು ಕಂಡ ಮೇಲೆ ಸ್ವಲ್ಪ ಬದಲಾಯಿತು.

ಇನ್ನು ಇಲಿ ಜ್ವರ. ನಿಮ್ಮ ಭಯ ನಿರಾಧಾರವಲ್ಲ. ಅದರ ರೋಗಾಣು ಹೊರಗಿನ ಇಲಿ ಹೆಗ್ಗಣಗಳ ಮೂತ್ರದಲ್ಲಿ ಹೊರಬಂದು, ಒದ್ದೆ ಮಣ್ಣಿನಲ್ಲಿ ಮತ್ತು ನಿಂತ ನೀರಿನಲ್ಲಿ ಬಹಳ ದಿನ ಬದುಕಿ, ಕಾಲಿನ ಗಾಯ ಬಿರುಕುಗಳ ಮೂಲಕ ದೇಹವನ್ನು ಸೇರುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಅದು ಹೆಚ್ಚುವುದು ಈ ಕಾರಣಕ್ಕೆ. ಗೂಡಿನಲ್ಲೇ ಹುಟ್ಟಿ ಗೂಡಿನಲ್ಲೇ ಬೆಳೆದ ಇಲಿಗೆ ಅದು ತಗಲುವ ಸಂಭವ ಕಡಿಮೆ. ಆದರೆ ರಾತ್ರಿ ಹೊರಗಿನ ಇಲಿಯೊಂದು ಗೂಡಿನ ಮೇಲೇರಿ ಮೂತ್ರ ಹನಿಸಿದರೆ ಆ ರಕ್ಷಣೆ ಮುಗಿದಂತೆಯೇ. ಆದ್ದರಿಂದ ಗೂಡನ್ನು ಜಗಲಿಯಲ್ಲಾಗಲಿ ಹಿತ್ತಲ ಕಡೆಯಲ್ಲಾಗಲಿ ಇಡಲೇಬಾರದು. ಒಳಕೋಣೆಯಲ್ಲಿ, ನೆಲದಿಂದ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿಡಿ. ಆ ಕೋಣೆಯ ಕಿಟಕಿಗೂ ಬಚ್ಚಲ ನೀರು ಹೋಗುವ ತೂತಿಗೂ ಸಣ್ಣ ಕಣ್ಣಿನ ತಂತಿ ಬಲೆ ಬೇಕು. ಇದು ಇಲಿಗಷ್ಟೇ ಅಲ್ಲ, ಇಲಿಯ ವಾಸನೆ ಹಿಡಿದು ಬರುವ ಕೇರೆ ಹಾವಿಗೂ ನಾಗರಕ್ಕೂ ಅನ್ವಯಿಸುವ ಮಾತು. ಧಾನ್ಯವನ್ನು ಡಬ್ಬದಲ್ಲಿಡಿ, ಉಳಿದ ಆಹಾರವನ್ನು ರಾತ್ರಿ ಗೂಡಿನ ಹೊರಗೆ ಬಿಡಬೇಡಿ. ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಕೈಗೆ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ. ಎಂದಾದರೂ ಕಚ್ಚಿಸಿಕೊಂಡು ಆ ಬಳಿಕ ಜ್ವರ ಬಂದರೆ, ಮನೆಯಲ್ಲಿ ಇಲಿ ಸಾಕಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಪಾಷಾಣದ ವಿಷಯವನ್ನು ಬೇರೆಯಾಗಿ ಹೇಳಬೇಕು. ಇಲಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯೇ ಇಲ್ಲ. ನುಂಗಿದ್ದು ಹೊರಗೆ ಬರುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಕೆಲವು ಬಗೆಯ ಬಿಲ್ಲೆಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುತ್ತವೆಯಾದ್ದರಿಂದ, ತಿಂದ ದಿನ ಏನೂ ಗೊತ್ತಾಗುವುದಿಲ್ಲ. ಬಾಡಿಗೆಗೆ ಬರುವ ಮುನ್ನವೇ ಮನೆಯ ಯಜಮಾನರು ಎಲ್ಲಿ ಏನು ಇಟ್ಟಿದ್ದರು ಎಂದು ಕೇಳಿ ತಿಳಿದುಕೊಂಡು, ಕಪಾಟಿನ ಹಿಂಬದಿ, ನಾಗಂದಿಗೆ, ಮೆಟ್ಟಿಲ ಕೆಳಗೆಲ್ಲ ಗುಡಿಸಿ ತೆಗೆದ ಮೇಲೆಯೇ ಇಲಿಗಳನ್ನು ಕೋಣೆಯಲ್ಲಿ ಬಿಡಿ.

ವಾಸನೆಯ ಪ್ರಶ್ನೆ ಅವುಗಳ ಆರೋಗ್ಯದ ಪ್ರಶ್ನೆಯೂ ಹೌದು. ಇಲಿ ಕೊಳಕು ಪ್ರಾಣಿಯಲ್ಲ, ಬೆಕ್ಕಿನಷ್ಟೇ ಮೈ ನೆಕ್ಕಿಕೊಳ್ಳುತ್ತದೆ. ವಾಸನೆ ಬರುವುದು ಮೂತ್ರ ಹೀರಿದ ಹಾಸಿನಿಂದ. ಆ ಮೂತ್ರ ಕೊಳೆತು ಅಮೋನಿಯಾ ಆಗಿ, ಇಲಿಯ ಶ್ವಾಸನಾಳವನ್ನು ಕೆರಳಿಸುತ್ತದೆ. ಬಹುಪಾಲು ಸಾಕು ಇಲಿಗಳ ಶ್ವಾಸಕೋಶದಲ್ಲಿ ಮೊದಲಿನಿಂದಲೂ ಮೈಕೋಪ್ಲಾಸ್ಮಾ ಎಂಬ ರೋಗಾಣು ಅಡಗಿರುತ್ತದೆ, ಗಾಳಿ ಕೆಟ್ಟೊಡನೆ ಅದು ತಲೆಯೆತ್ತುತ್ತದೆ. ಒಣ ಹವೆಯ ಊರುಗಳಲ್ಲಿ ವಾರಕ್ಕೊಮ್ಮೆ ಹಾಸು ಬದಲಿಸಿದರೆ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎರಡು ದಿನಕ್ಕೊಮ್ಮೆಯಾದರೂ ಬದಲಿಸಬೇಕು. ಒಗೆದ ಬಟ್ಟೆ ಒಣಗುವುದೇ ಇಲ್ಲವಾದ್ದರಿಂದ ಹಳೆಯ ಹತ್ತಿ ಬಟ್ಟೆಯ ತುಂಡುಗಳನ್ನು ಬೇಕಾದಷ್ಟು ಕೂಡಿಟ್ಟುಕೊಂಡು, ಹಾಸುವ ಮೊದಲು ಇಸ್ತ್ರಿ ಹಾಕುವುದು ನನ್ನ ರೂಢಿ. ಸಾಮಿಲ್ಲಿನ ಹೊಟ್ಟು ಬೇಡ, ಅದರ ಧೂಳು ಕೆಟ್ಟದ್ದು. ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಮರದ ಹೊಟ್ಟಂತೂ ಮತ್ತಷ್ಟು ಹಾನಿಕರ. ಭತ್ತದ ಹುಲ್ಲು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮುದ್ರಣವಿಲ್ಲದ ಕಾಗದದ ಚೂರು ಮತ್ತು ಹತ್ತಿ ಬಟ್ಟೆ, ಇವೆರಡೇ ಇಲ್ಲಿಗೆ ಸರಿ.

ಗೂಡಿಗೆ ಅಗ್ಗದ ತಂತಿಬಲೆ ತರಬೇಡಿ. ಉಪ್ಪುಗಾಳಿ ಹೊರಗಿನಿಂದ, ಮೂತ್ರ ಒಳಗಿನಿಂದ ಸೇರಿ ಒಂದೇ ಮಳೆಗಾಲದಲ್ಲಿ ಅದನ್ನು ತುಕ್ಕು ಹಿಡಿಸುತ್ತವೆ. ಬಣ್ಣದ ಲೇಪವಿರುವ ಅಥವಾ ಸ್ಟೀಲಿನ ಸರಳುಗಳ, ಅರ್ಧ ಇಂಚಿಗಿಂತ ಹೆಚ್ಚು ಸಂದಿಯಿಲ್ಲದ, ಎರಡು ಮೂರು ಅಂತಸ್ತಿನ ಗೂಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಒಳಗಿನ ಸಾಮಾನು ಮಾತ್ರ ನಮ್ಮ ಜಿಲ್ಲೆಯಲ್ಲಿ ಪುಕ್ಕಟೆ. ಒಣಗಿದ ಅಡಿಕೆ ಹಾಳೆಯಷ್ಟು ಒಳ್ಳೆಯ ಆಟಿಕೆ ಇಲಿಗೆ ಇನ್ನೊಂದಿಲ್ಲ: ಬಗ್ಗಿಸಿ ಕಟ್ಟಿದರೆ ಗುಹೆ, ತೂಗು ಹಾಕಿದರೆ ತೊಟ್ಟಿಲು, ಕೊನೆಗೆ ಅವೇ ಅದನ್ನು ಎಳೆ ಎಳೆಯಾಗಿ ಸೀಳಿ ಹಾಸು ಮಾಡಿಕೊಳ್ಳುತ್ತವೆ. ಆದರೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲದಲ್ಲಿ ಬಿದ್ದ ಹಾಳೆಯ ಮೇಲೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅಂಟಿರುತ್ತದೆ. ಬೇಸಿಗೆಯಲ್ಲಿ ಬಿದ್ದ ಹಾಳೆಗಳನ್ನೇ ಆರಿಸಿ, ತೊಳೆದು, ಬಿಸಿಲಿಗೆ ಹಾಕಿ ಇಟ್ಟುಕೊಳ್ಳಬೇಕು. ಮುಂಬಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಗಟ್ಟಿಯಾದದ್ದೊಂದು ಬೇಕು, ಅದಕ್ಕೆ ತೆಂಗಿನ ಕರಟ ಸಾಕು. ಆ ಹಲ್ಲು ಹಳದಿ ಕಿತ್ತಳೆ ಬಣ್ಣಕ್ಕಿರುವುದು ಸಹಜ, ಗಾಬರಿಯಾಗಬೇಡಿ.

ಊಟಕ್ಕೆ ಇಲಿಗೆಂದೇ ತಯಾರಿಸಿದ ಆಹಾರ ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗೋಧಿ ನುಚ್ಚು, ರಾಗಿ, ಓಟ್ಸ್ ಬೆರೆಸಿದ ಒಣ ಆಹಾರ ಒಂದಕ್ಕೆ ದಿನಕ್ಕೆ 15ರಿಂದ 20 ಗ್ರಾಮ್ ಸಾಕಾಗುತ್ತದೆ. ಜೊತೆಗೆ ಸ್ವಲ್ಪ ಸೊಪ್ಪು ತರಕಾರಿ, ಆಗಾಗ ಬೇಯಿಸಿದ ಮೊಟ್ಟೆಯ ಚೂರು ಅಥವಾ ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗಡೆ. ನಾವು ಮನೆಯಲ್ಲಿ ಮೀನು ತಿನ್ನುವವರಲ್ಲ. ಇವುಗಳ ಪಾಲನ್ನು ಪಕ್ಕದ ಮನೆಯ ಅಕ್ಕೋರು ಕೊಡುತ್ತಾರೆ. ಬೇಯಿಸಿದ ಹಲಸಿನ ಬೇಳೆ ಇಬ್ಬರಿಗೂ ಪ್ರಾಣ. ಹಸಿ ಕಾಳುಗಳನ್ನು ಕೊಡಬೇಡಿ. ಮಳೆಗಾಲದಲ್ಲಿ ಶೇಂಗಾ ಬೇಡವೇ ಬೇಡ, ಬೂಷ್ಟು ಹಿಡಿದ ಶೇಂಗಾದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಇಲಿಯ ಯಕೃತ್ತನ್ನು ಕೆಡಿಸುತ್ತದೆ. ಅನ್ನವನ್ನು ಮೂಲೆಯಲ್ಲಿ ಬಚ್ಚಿಡುವ ಅಭ್ಯಾಸ ಇವಕ್ಕಿರುವುದರಿಂದ ದಿನಾ ಬೆಳಿಗ್ಗೆ ಗೂಡಿನ ಮೂಲೆಗಳನ್ನು ಹುಡುಕಿ ತೆಗೆಯುವುದೂ ನಿಮ್ಮ ಕೆಲಸವೇ.

ಆ ಹುಡುಕಾಟ, ನೀರಿನ ಬಾಟಲಿ ತುಂಬಿಸುವುದು, ಒದ್ದೆ ಹಾಸು ತೆಗೆಯುವುದು ಎಲ್ಲ ಸೇರಿ ಬೆಳಿಗ್ಗೆ ಕಾಲು ಗಂಟೆ ಸಾಕು. ಹಗಲೆಲ್ಲ ಇವು ನಿದ್ದೆ ಮಾಡುತ್ತವೆ, ಕಚೇರಿಗೆ ಹೋಗುವವರಿಗೆ ಇದು ಅನುಕೂಲವೇ. ದೀಪ ಹಚ್ಚುವ ಹೊತ್ತಿಗೆ ಎದ್ದು ಬಾಗಿಲ ಬಳಿ ಬಂದು ಕಾಯುತ್ತವೆ. ಆಗ ಕನಿಷ್ಠ ಒಂದು ಗಂಟೆ ಹೊರಗೆ ಬಿಡಬೇಕು, ನೀವೂ ಅಲ್ಲೇ ಇರಬೇಕು, ಮೊಬೈಲ್ ಚಾರ್ಜರಿನ ವೈರು ಅಲ್ಲಿರಬಾರದು. ಈ ಒಂದು ಗಂಟೆಯೇ ಸಾಕುವ ಸುಖದ ಬಹುಪಾಲು. ಮಲ್ಲಿಗೆಯ ಕಣ್ಣು ಕೆಂಪು, ದೃಷ್ಟಿ ಮಂದ. ಜಿಗಿಯುವ ಮೊದಲು ದೂರ ಅಳೆಯಲು ತಲೆಯನ್ನು ಅತ್ತಿಂದಿತ್ತ ತೂಗುತ್ತದೆ. ಅಬ್ಬಲಿಗೆಯ ಬೆನ್ನು ಸವರಿದರೆ ಹಲ್ಲನ್ನು ಸಣ್ಣಗೆ ಮಸೆಯತೊಡಗುತ್ತದೆ, ಸಂತೋಷ ಹೆಚ್ಚಾದಾಗ ಕಣ್ಣುಗುಡ್ಡೆಗಳೇ ಒಳಗೂ ಹೊರಗೂ ಕಂಪಿಸುತ್ತವೆ. ಮೊದಲ ಸಲ ನೋಡಿದವರು ಇದನ್ನು ಕಾಯಿಲೆಯೆಂದೇ ತಿಳಿಯುತ್ತಾರೆ. ಕಚಗುಳಿಯಿಟ್ಟಾಗ ಇಲಿಗಳು ಸುಮಾರು 50 ಕಿಲೋಹರ್ಟ್ಸ್‌ನ, ನಮ್ಮ ಕಿವಿಗೆ ಎಟುಕದ ದನಿ ಹೊರಡಿಸುತ್ತವೆಂದು ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ ತೋರಿಸಿದ್ದರು; ನಮಗೆ ಕೇಳದಿದ್ದರೂ, ಕೈ ಹಿಂದೆಗೆದಾಗ ಇವು ಬೆನ್ನಟ್ಟಿ ಬರುವುದನ್ನು ನೋಡಿದರೆ ಅದನ್ನು ನಂಬುವುದು ಕಷ್ಟವಲ್ಲ. ಹೆಗಲ ಮೇಲೆ ಕೂತಾಗ ಒಂದೆರಡು ಹನಿ ಬೀಳುವುದು ಖಂಡಿತ, ಆ ಹೊತ್ತಿಗೆಂದೇ ಒಂದು ಹಳೆಯ ಅಂಗಿಯಿರಲಿ.

ಬೇಸಿಗೆ ಇನ್ನೊಂದು ಪರೀಕ್ಷೆ. ಇಲಿ ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿಯನ್ನು ಮುಖ್ಯವಾಗಿ ಕೂದಲಿಲ್ಲದ ಬಾಲದ ಮೂಲಕ ಬಿಡುತ್ತದೆ. ಹವೆ 30 ಡಿಗ್ರಿ ದಾಟಿ, ಜೊತೆಗೆ ತೇವವೂ ಸೇರಿದರೆ ಅದಕ್ಕೆ ಅಪಾಯ. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಏರ್ಪಾಡು ಮಾಡಿ. ಮಂಗಳೂರು ಹೆಂಚೊಂದನ್ನು ನೀರಿನಲ್ಲಿ ನೆನೆಸಿ ಗೂಡಿನ ನೆಲಕ್ಕಿಟ್ಟರೆ ಎರಡೂ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತವೆ. ಫ್ಯಾನಿನ ಗಾಳಿ ನೇರವಾಗಿ ಬಡಿಯಬಾರದು. ಇಲಿ ಬಾಯಿ ತೆರೆದು ಉಸಿರಾಡುತ್ತಾ ಜೊಲ್ಲು ಸುರಿಸಿದರೆ, ತಣ್ಣನೆಯ ನೀರಲ್ಲಿ ಅದ್ದಿದ ಬಟ್ಟೆಯಿಂದ ಬಾಲ ಮತ್ತು ಕಾಲುಗಳನ್ನು ಒರೆಸಬೇಕು. ಐಸ್ ನೀರು ಬೇಡ.

ತರುವ ಮೊದಲೇ ಪಶುವೈದ್ಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿನ ವೈದ್ಯರ ಅನುಭವ ಹೆಚ್ಚಾಗಿ ದನ ಮತ್ತು ನಾಯಿಗಳದ್ದು. ಇಲಿ ನೋಡುತ್ತೀರಾ ಎಂದು ಮುಂಚೆಯೇ ಕೇಳಿ, ಇಲ್ಲವೆಂದರೆ ಹುಬ್ಬಳ್ಳಿ ಅಥವಾ ಗೋವಾದಲ್ಲಿ ನೋಡುವವರ ವಿಳಾಸ ಕೈಯಲ್ಲಿರಲಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಮೂಗು ಕಣ್ಣುಗಳ ಸುತ್ತ ಕೆಂಪು ಕಂಡರೆ ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ, ಪೋರ್ಫಿರಿನ್ ಎಂಬ ಕೆಂಪು ವರ್ಣಕವಿರುವ ದ್ರವ; ಒಮ್ಮೆ ಕಂಡರೆ ಚಿಂತೆಯಿಲ್ಲ, ಸೀನು ಮತ್ತು ಗೊರಗೊರ ಸದ್ದಿನ ಜೊತೆ ದಿನವೂ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಹೆಣ್ಣಿಲಿಗೆ ವಯಸ್ಸಾದಂತೆ ಸ್ತನಗ್ರಂಥಿಯ ಗಡ್ಡೆಗಳು ಬರುವುದು ತುಂಬ ಸಾಮಾನ್ಯ, ಆ ಗ್ರಂಥಿ ಕತ್ತಿನಿಂದ ತೊಡೆಸಂದಿಯವರೆಗೂ ಹಬ್ಬಿರುವುದರಿಂದ ಗಡ್ಡೆ ಎಲ್ಲಿ ಬೇಕಾದರೂ ಏಳಬಹುದು. ಬಹುತೇಕ ಕ್ಯಾನ್ಸರ್ ಅಲ್ಲ, ಆದರೂ ಬೆಳೆದು ಓಡಾಟಕ್ಕೆ ಅಡ್ಡಿಯಾಗುತ್ತವೆ. ಇವುಗಳ ಆಯುಷ್ಯವೇ ಎರಡರಿಂದ ಮೂರು ವರ್ಷ. ಒಂದು ಹೋದ ಮೇಲೆ ಉಳಿದದ್ದು ಒಂಟಿಯಾಗುತ್ತದೆ. ಅದಕ್ಕೆ ಹೊಸ ಜೊತೆ ತರುವಿರೋ ಇಲ್ಲವೋ ಎಂಬುದನ್ನು ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ, ಇದು ದುಃಖದ ಹೊತ್ತಿನಲ್ಲಿ ತೀರ್ಮಾನಿಸುವ ವಿಷಯವಲ್ಲ.

ಇಷ್ಟರ ಮೇಲೂ ಮನಸ್ಸಿದ್ದರೆ ಮಳೆಗಾಲದ ಬಾಗಿಲಲ್ಲಿ ತರಬೇಡಿ, ನವೆಂಬರಿನಲ್ಲಿ ತನ್ನಿ. ಹವೆ ಒಣಗಿರುತ್ತದೆ, ಗೂಡು ಹಾಸುಗಳ ರೂಢಿ ನಿಮಗೂ ಮನೆಯ ವಾಸನೆಗಳ ಪರಿಚಯ ಅವಕ್ಕೂ ಆಗಲು ಮೂರು ನಾಲ್ಕು ತಿಂಗಳು ಸಿಗುತ್ತದೆ. ಕಿಟಕಿಯ ಬಲೆ, ನೀರಿನ ತೂತು, ಹಾಳೆಯ ದಾಸ್ತಾನು ಎಲ್ಲವನ್ನೂ ಜೂನ್‌ನೊಳಗೆ ಸರಿಮಾಡಿಕೊಳ್ಳಬಹುದು. ಮನೆಯ ಯಜಮಾನರಿಗೆ ಮಾತ್ರ ತರುವ ಮೊದಲೇ ಹೇಳಿಬಿಡಿ, ಬೇರೆಯವರ ಬಾಯಿಂದ ಕೇಳಿದರೆ ಅವರು ಪಾಷಾಣ ಹಿಡಿದುಕೊಂಡೇ ಬರಬಹುದು.