‘ಸರಿದೂಗಿಸುತ್ತದೆ’ ಅಂದರೆ ಸಾಲದು

ಪ್ರಿಯ ಲೇಖಕರೆ,

ಬಿಂಬದಲ್ಲಿ ಬಣ್ಣ ಚದುರದಂತೆ ಎರಡು ಗಾಜು ಜೋಡಿಸಿ ಮಾಡುವ ದೂರದರ್ಶಕದ ಜೋಡಿ ಮಸೂರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈ ಮಸೂರವನ್ನು ಮೊದಲು ಮಾಡಿಸಿದ ಚೆಸ್ಟರ್ ಮೂರ್ ಹಾಲ್ ಕಥೆ ಚೆನ್ನಾಗಿ ಬಂದಿದೆ. ಗುಟ್ಟು ಬಯಲಾಗಬಾರದು ಅಂತ ಆತ ಲಂಡನ್ನಿನ ಇಬ್ಬರು ಮಸೂರದವರಿಗೆ ಒಂದೊಂದು ಮಸೂರದ ಕೆಲಸ ಕೊಟ್ಟ. ಅವರಿಬ್ಬರೂ ಅದನ್ನು ಜಾರ್ಜ್ ಬಾಸ್ ಎಂಬ ಒಬ್ಬನಿಗೇ ದಾಟಿಸಿದರು. ಇದನ್ನು ನೀವು ಹೇಳಿದ ರೀತಿ ಹಿಡಿಸಿತು. ಇದೇ ಮಸೂರಕ್ಕೆ ಡಾಲಂಡ್ 1758ರಲ್ಲಿ ಪಡೆದ ಪೇಟೆಂಟಿನ ಪ್ರಸಂಗವೂ ಸರಿಯಾಗಿದೆ.

ಆದರೆ ಮೂರನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಅಲ್ಲಿರುವುದು ಮೂರೇ ವಾಕ್ಯ. ಒಂದೊಂದಾಗಿ ನೋಡೋಣ.

“ಪೀನ ಮಸೂರವು ಬೆಳಕನ್ನು ಬಾಗಿಸುವಾಗ ಬಣ್ಣಗಳನ್ನೂ ಚದುರಿಸುತ್ತದೆ.” ಸರಿ, ಆದರೆ ಎಷ್ಟು? ಕ್ರೌನ್ ಎಂಬ ಸಾದಾ ಗಾಜಿನ, 1 ಮೀಟರ್ ಸಂಗಮದೂರದ (ಅಂದರೆ ದೂರದಿಂದ ಬಂದ ಬೆಳಕನ್ನು 1 ಮೀಟರ್ ಆಚೆ ಕೂಡಿಸುವ) ಮಸೂರ ತಗೊಳ್ಳಿ. ನೀಲಿ ಸೇರುವ ಜಾಗಕ್ಕೂ ಕೆಂಪು ಸೇರುವ ಜಾಗಕ್ಕೂ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರ. ಒಂದು ಬೆರಳಿನ ಅಗಲ! ಅಷ್ಟು ಹೇಳಿದ್ದರೆ ಓದುಗನಿಗೆ ತೊಂದರೆ ಏನು ಅಂತ ಕಣ್ಣಿಗೆ ಕಟ್ಟುತ್ತಿತ್ತು.

“ನಿಮ್ನ ಮಸೂರವು ಅದಕ್ಕೆ ವಿರುದ್ಧವಾಗಿ ವರ್ತಿಸಿ ದೋಷವನ್ನು ಸರಿದೂಗಿಸುತ್ತದೆ.” ನನ್ನ ತಕರಾರೆಲ್ಲ ಈ ವಾಕ್ಯದ ಮೇಲೆ. ನಿಮ್ನ ಮಸೂರ ಬಣ್ಣವನ್ನಷ್ಟೇ ವಾಪಸು ಕೂಡಿಸುವುದಿಲ್ಲ, ಬೆಳಕನ್ನೂ ಹೊರಕ್ಕೆ ಬಾಗಿಸುತ್ತದೆ. ಹಾಗಾದರೆ ಬಣ್ಣದ ಜೊತೆಗೆ ಬಾಗುವಿಕೆಯೂ ಅಳಿಸಿಹೋಗಬೇಕು ಅಲ್ವಾ? ಉಳಿಯುವುದು ಕಿಟಕಿ ಗಾಜು. ಜಾಣ ಓದುಗ ಇಲ್ಲಿ ನಿಂತು ಈ ಪ್ರಶ್ನೆ ಕೇಳುತ್ತಾನೆ. ನಿಮ್ಮ ಲೇಖನ ಅವನಿಗೆ ಉತ್ತರ ಕೊಡದೆ ಮುಂದೆ ಹೋಗುತ್ತದೆ. ನ್ಯೂಟನ್ ಸಿಕ್ಕಿಕೊಂಡಿದ್ದೂ ಇಲ್ಲೇ. ಯಾವ ವಸ್ತುವಾದರೂ ತಾನು ಬಾಗಿಸಿದ್ದರಲ್ಲಿ ಅದೇ ಒಂದು ಪಾಲು ಚದುರಿಸುತ್ತದೆ, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಕಳೆಯಲು ಆಗದು ಅಂತ ಅವನು ನಂಬಿದ್ದ. ಅದಕ್ಕೇ ಮಸೂರದ ಆಸೆ ಬಿಟ್ಟು ಕನ್ನಡಿಯ ದೂರದರ್ಶಕ ಕಟ್ಟಿದ.

ಬಾಗಿಸುವುದು ಬೇರೆ, ಚದುರಿಸುವುದು ಬೇರೆ. ಎರಡರ ಲೆಕ್ಕ ಒಂದೊಂದು ಗಾಜಿಗೆ ಒಂದೊಂದು ಥರ. ಕ್ರೌನ್ ಗಾಜು ತಾನು ಬಾಗಿಸಿದ್ದರಲ್ಲಿ ಸುಮಾರು 64ನೇ ಒಂದು ಪಾಲು ಚದುರಿಸುತ್ತದೆ. ಸೀಸ ಬೆರೆತ ಫ್ಲಿಂಟ್ ಗಾಜು ಸುಮಾರು 36ನೇ ಒಂದು ಪಾಲು. ಇದನ್ನು ಕನ್ನಡಕದ ಪವರಿನಲ್ಲಿ ಹೇಳಿ, ಯಾರಿಗಾದರೂ ಅರ್ಥವಾಗುತ್ತದೆ. ಕ್ರೌನ್ ಪೀನ ಮಸೂರ +2.3, ಫ್ಲಿಂಟ್ ನಿಮ್ನ ಮಸೂರ −1.3. ಚದುರುವಿಕೆ ನೋಡಿ: 2.3ನ್ನು 64ರಿಂದ ಭಾಗಿಸಿದರೆ 0.036. 1.3ನ್ನು 36ರಿಂದ ಭಾಗಿಸಿದರೂ 0.036. ಬಣ್ಣಕ್ಕೆ ಬಣ್ಣ ವಜಾ. ಪವರ್ ಮಾತ್ರ +1 ಉಳಿಯಿತು. 1ನ್ನು ಪವರಿನಿಂದ ಭಾಗಿಸಿದರೆ ಮೀಟರಿನಲ್ಲಿ ಸಂಗಮದೂರ ಸಿಗುತ್ತದೆ, ಅಂದರೆ 1 ಮೀಟರಿನ ದೂರದರ್ಶಕದ ಮಸೂರ ನಿಮ್ಮ ಕೈಗೆ ಬಂತು. ಇಡೀ ಲೇಖನದ ಜೀವ ಈ ನಾಲ್ಕು ಸಾಲಿನ ಲೆಕ್ಕದಲ್ಲಿದೆ. ಅದೇ ನಿಮ್ಮಲ್ಲಿ ಇಲ್ಲ.

ಇಷ್ಟು ಹಟ ಹಿಡಿಯಲು ಕಾರಣವಿದೆ. ಬರೆಯಲು ಶುರು ಮಾಡಿದ ಹೊಸತರಲ್ಲಿ ನಾನೂ ಇದೇ ವಿಷಯ ಬರೆದು, ಇದೇ ‘ಸರಿದೂಗಿಸುತ್ತದೆ’ ಪದ ಹಾಕಿದ್ದೆ. ನಮ್ಮ ಹಿರಿಯ ಸಂಪಾದಕರು ಏನೂ ಬೈಯಲಿಲ್ಲ. ಡ್ರಾಯರಿನಿಂದ ಹಳೇ ಬೈನಾಕ್ಯುಲರಿನ ಮುಂದಿನ ಮಸೂರ ತೆಗೆದರು. ಅಂಟು ಒಣಗಿ ಎರಡು ಗಾಜೂ ಬೇರೆಯಾಗಿದ್ದವು. “ಕಿಟಕಿ ಹತ್ರ ಹೋಗು, ಬಿಂಬ ಬೀಳಿಸು” ಅಂದರು. ಉಬ್ಬಿದ ಗಾಜೊಂದನ್ನೇ ಹಿಡಿದಾಗ ಕಾಗದದ ಮೇಲೆ ಕಿಟಕಿಯ ಚಿಕ್ಕ ಬಿಂಬ ಬಿತ್ತು, ಅಂಚಿಗೆಲ್ಲ ಕೆಂಪು. ಕಾಗದ ಚೂರು ಹಿಂದೆ ಸರಿಸಿದರೆ ಅದೇ ಅಂಚು ನೀಲಿ. ಆಮೇಲೆ ತಗ್ಗು ಗಾಜನ್ನು ಅದಕ್ಕೆ ಒತ್ತಿ ಹಿಡಿದೆ. ಬಿಂಬ ಮಾಯವಾಯಿತು! ಕಾಗದವನ್ನು ದೂರ ಸರಿಸುತ್ತಾ ಹೋದೆ. ಮೊದಲಿನ ಎರಡು ಪಟ್ಟಿಗೂ ಜಾಸ್ತಿ ದೂರದಲ್ಲಿ ಬಿಂಬ ಮತ್ತೆ ಬಿತ್ತು. ದೊಡ್ಡದಾಗಿ, ಸರಳುಗಳ ಅಂಚು ಸ್ವಚ್ಛವಾಗಿ. ಬಣ್ಣ ಹೋಗಿತ್ತು, ಪವರಿನ ಅರ್ಧಕ್ಕಿಂತ ಹೆಚ್ಚು ಭಾಗವೂ ಅದರ ಜೊತೆ ಹೋಗಿತ್ತು. ಅದು ನನ್ನ ಕೈಯಳತೆಗೇ ಗೊತ್ತಾಯಿತು. “ಈಗ ಬರಿ” ಅಂದರು ಅವರು. ಆ ರಾತ್ರಿ ಪೂರ್ತಿ ಲೇಖನ ಹೊಸದಾಗಿ ಬರೆದೆ.

ಇನ್ನು ಮೂರನೇ ವಾಕ್ಯ: “ಹೀಗಾಗಿ ವರ್ಣದೋಷ ಸಂಪೂರ್ಣವಾಗಿ ನಿವಾರಣೆಯಾಗುತ್ತದೆ.” ‘ಸಂಪೂರ್ಣವಾಗಿ’ ತೆಗೆಯಿರಿ. ಎರಡು ಗಾಜಿನಿಂದ ಒಂದೇ ಜಾಗಕ್ಕೆ ತರುವುದು ಎರಡು ಬಣ್ಣಗಳನ್ನು, ಸಾಮಾನ್ಯವಾಗಿ ಕೆಂಪು ಮತ್ತು ನೀಲಿ. ಹಸಿರು ಸ್ವಲ್ಪ ಈಚೆ ಸೇರುತ್ತದೆ, ನೇರಳೆ ಆಚೆ ಹೋಗುತ್ತದೆ. 1 ಮೀಟರಿಗೆ ಅರ್ಧ ಮಿಲಿಮೀಟರಿನಷ್ಟು ಉಳಿಕೆ ಇದ್ದೇ ಇರುತ್ತದೆ. ಇಂಥ ದೂರದರ್ಶಕದಲ್ಲಿ ಹೊಳೆಯುವ ನಕ್ಷತ್ರದ ಸುತ್ತ ತೆಳು ನೇರಳೆ ಹೊಗೆ ಕಂಡವರು ನಿಮ್ಮ ವಾಕ್ಯ ಓದಿದರೆ ಉಳಿದದ್ದನ್ನೂ ನಂಬುವುದಿಲ್ಲ. ಒಂದೂವರೆ ಸೆಂಟಿಮೀಟರು ಅರ್ಧ ಮಿಲಿಮೀಟರಿಗೆ ಇಳಿದದ್ದು ಸಣ್ಣ ಸಾಧನೆಯಲ್ಲ. ಅಷ್ಟನ್ನೇ ಬರೆಯಿರಿ.

ಉಳಿದ ಪುಟಗಳ ತಂಟೆಗೆ ನಾನು ಹೋಗುವುದಿಲ್ಲ. ಗುಜರಿಯಲ್ಲಿ ಒಡೆದ ಬೈನಾಕ್ಯುಲರ್ ಸಿಗುತ್ತದಾ ನೋಡಿ. ಸಿಕ್ಕರೆ, ಅಂಟು ಬಿಟ್ಟ ಮಸೂರ ಆರಿಸಿ ತನ್ನಿ. ಕಿಟಕಿ ಹತ್ರ ಕೂತು ಮೂರನೇ ಪ್ಯಾರಾ ಮತ್ತೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿರುತ್ತೇನೆ.