ಹಳೇ ಸಾಫ್ಟ್‌ವೇರ್ ಬಿಡುವಾಗ ಏನೇನು ಉದುರಿಹೋಗುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 14 ಶಾಖೆಗಳ ಪಟ್ಟಣ ಸಹಕಾರ ಬ್ಯಾಂಕ್. ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ ಸಾಫ್ಟ್‌ವೇರ್ ಈಗಲೂ ಓಡುತ್ತಿದೆ, ಆದರೆ ರಿಪೇರಿಗೆ ಜನ ಸಿಗುತ್ತಿಲ್ಲ. ಎರಡನೇ ಶನಿವಾರದ ರಜೆ ಹಿಡಿದು, ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯೊಳಗೆ ಎಲ್ಲ ಶಾಖೆಗಳನ್ನೂ ಒಂದೇ ಏಟಿಗೆ ಹೊಸ ಸಿಸ್ಟಂಗೆ ತರುತ್ತೇವೆ ಎಂದು ವೆಂಡರ್ ಹೇಳುತ್ತಿದ್ದಾರೆ. ಒಪ್ಪಬಹುದೇ?
— ಆಡಳಿತ ಮಂಡಳಿ ನಿರ್ದೇಶಕರೊಬ್ಬರು, ದಾವಣಗೆರೆ

ಉತ್ತರ: ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅಲ್ಲಿಯವರೆಗೆ ಲಾಯ್ಡ್ಸ್ ಬ್ಯಾಂಕಿನ ಹಳೇ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದ ಅದು, 2018ರ ಏಪ್ರಿಲ್ 20ರಿಂದ 22ರ ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ದಾಟಿಸಿತು. ಡೇಟಾ ಸರಿಯಾಗಿಯೇ ಬಂತು. ಕೈಕೊಟ್ಟಿದ್ದು ಅದನ್ನು ಹೊತ್ತ ಹೊಸ ವ್ಯವಸ್ಥೆ. ಗ್ರಾಹಕರಿಗೆ ಲಾಗಿನ್ ಆಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆ ಕಾಣಿಸಿತು. ಎರಡು ಡೇಟಾ ಸೆಂಟರ್‌ಗಳು ಒಟ್ಟಿಗೆ ಕೆಲಸ ಮಾಡಬೇಕಿತ್ತು, ಭಾರದ ಪರೀಕ್ಷೆ ನಡೆದಿದ್ದು ಒಂದರ ಮೇಲೆ ಮಾತ್ರ. ಎಲ್ಲ ಸಹಜ ಸ್ಥಿತಿಗೆ ಬರುವಷ್ಟರಲ್ಲಿ ಡಿಸೆಂಬರ್ ಆಗಿತ್ತು. ಗ್ರಾಹಕರಿಗೆ 3.27 ಕೋಟಿ ಪೌಂಡ್ ಪರಿಹಾರ ಕೊಟ್ಟದ್ದಲ್ಲದೆ, 2022ರಲ್ಲಿ ನಿಯಂತ್ರಕರಿಗೆ 4.865 ಕೋಟಿ ಪೌಂಡ್ ದಂಡ ಕಟ್ಟಬೇಕಾಯಿತು. ಮರುವರ್ಷ ಆಗಿನ ಮಾಹಿತಿ ತಂತ್ರಜ್ಞಾನ ಮುಖ್ಯಸ್ಥರ ಮೇಲೆಯೇ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು.

ನಿಮ್ಮ ವೆಂಡರ್ ಹೇಳುವ ಅವಧಿಯನ್ನು ಗಂಟೆ ಲೆಕ್ಕದಲ್ಲಿ ಬಿಡಿಸಿ. ಶುಕ್ರವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 10ಕ್ಕೆ 64 ಗಂಟೆ. ಉದಾಹರಣೆಗೆ, ದಿನಾಂತ್ಯದ ಲೆಕ್ಕ ಮತ್ತು ಬಡ್ಡಿ ಹಾಕುವುದಕ್ಕೆ 3 ಗಂಟೆ, ಪೂರ್ತಿ ಬ್ಯಾಕಪ್ ತೆಗೆದು ಅದು ತೆರೆಯುತ್ತದೆಯೇ ಎಂದು ನೋಡುವುದಕ್ಕೆ 5, ಡೇಟಾ ಹೊರತೆಗೆದು ಹೊಸ ರೂಪಕ್ಕೆ ತರುವುದಕ್ಕೆ 10, ಹೊಸದಕ್ಕೆ ತುಂಬುವುದಕ್ಕೆ 14, ತಾಳೆ ನೋಡುವುದಕ್ಕೆ 12 ಎಂದಿಟ್ಟುಕೊಳ್ಳಿ. ಒಟ್ಟು 44, ಅಂದರೆ ಭಾನುವಾರ ಮಧ್ಯಾಹ್ನ 2. ಈಗ ಉಲ್ಟಾ ಲೆಕ್ಕ ಹಾಕಿ. ಕೆಲಸ ಕೆಟ್ಟರೆ ಹಳೇ ಸಿಸ್ಟಂ ಮತ್ತೆ ಎಬ್ಬಿಸಲು 5 ಗಂಟೆ, ಪರಿಶೀಲನೆಗೆ 3, ಎಟಿಎಂ ಮತ್ತು ಯುಪಿಐ ಸ್ವಿಚ್ ಹಳೆಯದಕ್ಕೆ ತಿರುಗಿಸಲು 2. ಹಾಗಾಗಿ ‘ಮುಂದೆಯೋ ಹಿಂದೆಯೋ’ ಎಂಬ ತೀರ್ಮಾನ ಭಾನುವಾರ ರಾತ್ರಿ 12ರೊಳಗೆ ಆಗಲೇಬೇಕು. ಕೈಯಲ್ಲಿ ಉಳಿಯುವುದು ಬರೀ 10 ಗಂಟೆ. ಡೇಟಾ ತುಂಬುವುದು ಒಮ್ಮೆ ಅರ್ಧದಲ್ಲಿ ನಿಂತು ಮೊದಲಿಂದ ಶುರುವಾದರೆ ಆ 10ರಲ್ಲಿ 7 ಗಂಟೆ ಹೋಯಿತು. ವೆಂಡರ್‌ಗಳ ಯೋಜನಾಪಟ್ಟಿಯಲ್ಲಿ ಈ ಉಲ್ಟಾ ಲೆಕ್ಕ ಸಾಮಾನ್ಯವಾಗಿ ಇರುವುದೇ ಇಲ್ಲ, ಬರೆಸಿಕೊಳ್ಳಿ. ಆ ಮಧ್ಯರಾತ್ರಿ ತೀರ್ಮಾನ ಹೇಳುವವರು ಯಾರು ಎಂಬುದನ್ನೂ ಬರೆಸಿಕೊಳ್ಳಿ. ಅದು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು.

ಯುಪಿಐ ತೆರೆದ ಮೇಲೆ ಹಿಂದಿರುಗುವ ದಾರಿ ಮುಚ್ಚಿದಂತೆಯೇ ಸರಿ. ಹೊಸದರಲ್ಲಿ ನಡೆದ ವಹಿವಾಟನ್ನು ಹಳೆಯದಕ್ಕೆ ಒಯ್ಯುವ ಪ್ರೋಗ್ರಾಂ ಯಾರೂ ಬರೆದಿರುವುದಿಲ್ಲ. ಆದ್ದರಿಂದ ತಾಳೆ ಮುಗಿಯದೆ ಹೊರಗಿನ ಯಾವ ಬಾಗಿಲೂ ತೆರೆಯಕೂಡದು.

ತಾಳೆ ಎಂದರೆ ಬರೀ ಬಾಕಿ ಮೊತ್ತ ನೋಡುವುದಲ್ಲ. ಮೊತ್ತ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಎಲ್ಲರೂ ನೋಡುವುದು ಅದನ್ನೇ. ಉದುರುವುದು ಖಾತೆಗೆ ಅಂಟಿಕೊಂಡ ಗುರುತುಗಳು: ಸಾಲಕ್ಕೆ ಒತ್ತೆಯಿಟ್ಟ ಠೇವಣಿಯ ಲೀನ್ (ಹಣ ತೆಗೆಯದಂತೆ ಹಾಕಿದ ತಡೆ), ಕೋರ್ಟ್ ಆದೇಶದ ಫ್ರೀಜ್, ನಾಮಿನಿ, ಜಂಟಿ ಖಾತೆಯಲ್ಲಿ ಯಾರ ಸಹಿ ಸಾಕು ಎಂಬ ಸೂಚನೆ, ಬಡ್ಡಿಯಲ್ಲಿ ತೆರಿಗೆ ಕಡಿಯಬೇಡಿ ಎಂದು 15ಜಿ–15ಎಚ್ ಕೊಟ್ಟವರ ಗುರುತು, ತಿಂಗಳ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಲೀನ್ ಉದುರಿದ್ದು ಗೊತ್ತಾಗುವುದು, ಒತ್ತೆಯಿಟ್ಟ ಎಫ್‌ಡಿಯನ್ನು ಗ್ರಾಹಕ ಮುರಿಸಿಕೊಂಡು ಹೋದ ಮೇಲೆ. ಹಳೆಯದರಲ್ಲಿ ಇಂಥ ಗುರುತು ಎಷ್ಟಿದ್ದವು, ಹೊಸದರಲ್ಲಿ ಎಷ್ಟಿವೆ ಎಂದು ಶಾಖಾವಾರು ಎಣಿಕೆ ತರಿಸಿ. ಜಮೆ ಬಾಕಿ, ನಾವೆ ಬಾಕಿಗಳನ್ನು ಬೇರೆ ಬೇರೆಯಾಗಿ ಕೂಡಿಸಿ. ಒಂದರಿಂದ ಇನ್ನೊಂದನ್ನು ಕಳೆದ ನಿವ್ವಳ ಮೊತ್ತದಲ್ಲಿ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಸಲಹೆ: ಒಂದು ಸಣ್ಣ ಶಾಖೆಯನ್ನು ಮೊದಲು ದಾಟಿಸಿ, ಒಂದು ತಿಂಗಳಾಂತ್ಯ ಮುಗಿಸಿ. ಆ ಅವಧಿಯಲ್ಲಿ ಅಂತರಶಾಖಾ ವಹಿವಾಟನ್ನು ಕೈಯಿಂದ ನಮೂದಿಸಬೇಕಾಗುತ್ತದೆ. ಕಿರಿಕಿರಿಯೇ, ಆದರೂ ಅಗ್ಗದ್ದು. ಆಮೇಲೆ ಉಳಿದ 13 ಶಾಖೆಗೆ ಪೂರ್ಣ ಡೇಟಾದೊಂದಿಗೆ, ಮುಂದೆ ಬಳಸಲಿರುವ ಅದೇ ಸರ್ವರ್ ಮತ್ತು ಲೈನ್‌ಗಳ ಮೇಲೆ ಮೂರು ತಾಲೀಮು ಮಾಡಿಸಿ. ಮೂರರಲ್ಲಿ ಒಂದು ತಾಲೀಮು ಬೇಕೆಂದೇ ಹಿಂದಿರುಗುವುದಾಗಿರಲಿ. ಮಾರ್ಚ್, ಏಪ್ರಿಲ್ ಬೇಡ. ಸಂಬಳ, ಪಿಂಚಣಿ ಬೀಳುವ ತಿಂಗಳ ಮೊದಲ ವಾರವೂ ಬೇಡ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ 3,000 ನೌಕರರು. ಹೊಸ ಪೇರೋಲ್ ಬರುತ್ತಿದೆ. ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಎಷ್ಟು ತಿಂಗಳು ಓಡಿಸಬೇಕು?
— ವೇತನ ವಿಭಾಗದ ಸೂಪರಿಂಟೆಂಡೆಂಟ್, ಮೈಸೂರು

ಉತ್ತರ: ಎಷ್ಟು ತಿಂಗಳು ಎನ್ನುವುದಕ್ಕಿಂತ ಯಾವ ಯಾವ ತಿಂಗಳು ಎಂದು ಕೇಳಿಕೊಳ್ಳಿ. ಕರ್ನಾಟಕದ ವೃತ್ತಿ ತೆರಿಗೆಯನ್ನೇ ನೋಡಿ. 2025ರ ಏಪ್ರಿಲ್‌ನಿಂದ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮೂರು ತಿಂಗಳು ಜೋಡಿಯಾಗಿ ಓಡಿಸಿ ‘ಪಾಸ್’ ಎಂದರೆ ಈ ನಿಯಮವನ್ನು ಯಾರೂ ಮುಟ್ಟಿಯೇ ಇಲ್ಲ ಎಂದಾಯಿತು. ವಾರ್ಷಿಕ ಬಡ್ತಿ ಬೀಳುವ ತಿಂಗಳು, ಡಿಎ ಅರಿಯರ್ಸ್ ಕೊಟ್ಟ ತಿಂಗಳು, ಫೆಬ್ರವರಿ, ಆದಾಯ ತೆರಿಗೆ ಸರಿದೂಗಿಸುವ ಮಾರ್ಚ್ – ಈ ನಾಲ್ಕರ ಹಳೇ ಡೇಟಾವನ್ನು ಹೊಸದಕ್ಕೆ ಕೊಟ್ಟು, ಆಗ ಪಾವತಿಯಾದ ಮೊತ್ತದೊಂದಿಗೆ ಹೋಲಿಸಿ. ಅದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಅದರ ಮೇಲೆ ನಿಜವಾದ ಜೋಡಿ ಓಟ ಎರಡು ತಿಂಗಳು ಸಾಕು.

ಹೋಲಿಕೆ ಪ್ರತಿ ನೌಕರನ ಪ್ರತಿ ಬಾಬ್ತಿಗೂ ಆಗಬೇಕು. ಒಟ್ಟು ಸಂಬಳದಲ್ಲಿ ವ್ಯತ್ಯಾಸ ಬರೀ 40 ರೂಪಾಯಿ ಎಂದು ಯಾರಾದರೂ ಸಮಾಧಾನ ಹೇಳಿದರೆ, ಒಬ್ಬರಿಗೆ 6,000 ಹೆಚ್ಚು, ಇನ್ನೊಬ್ಬರಿಗೆ 5,960 ಕಡಿಮೆ ಬಿದ್ದಿರಬಹುದು. ಸಾಮಾನ್ಯ ನೌಕರರಲ್ಲಿ ತಪ್ಪು ಬರುವುದು ಅಪರೂಪ. ತಿಂಗಳ ಮಧ್ಯೆ ವರ್ಗವಾದವರು, ಅಮಾನತಿನಲ್ಲಿ ಅರ್ಧ ಸಂಬಳ ಪಡೆಯುವವರು, ಹೆರಿಗೆ ರಜೆಯಲ್ಲಿರುವವರು, ಎರವಲು ಸೇವೆಯವರು, ಹಿಂದಿನ ತಿಂಗಳ ಎಲ್‌ಒಪಿ (ಸಂಬಳರಹಿತ ರಜೆ) ಈ ತಿಂಗಳು ಕಡಿತವಾಗುವವರು – ಇಂಥವರನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿ.

ಕೆನಡಾ ಸರ್ಕಾರದ ‘ಫೀನಿಕ್ಸ್’ ವೇತನ ವ್ಯವಸ್ಥೆ 2016ರಲ್ಲಿ ಶುರುವಾಯಿತು, ವ್ಯಾಪ್ತಿಯಲ್ಲಿ ಸುಮಾರು 2,90,000 ನೌಕರರು. ಒಂದು ಇಲಾಖೆಯಲ್ಲಿ ಮೊದಲು ನಡೆಸಿ ನೋಡುವ ಪ್ರಯೋಗವನ್ನು ರದ್ದು ಮಾಡಿದ್ದರು. ಹಿಂದಿನ ದಿನಾಂಕದಿಂದ ಲೆಕ್ಕ ಹಾಕುವ ಸೌಲಭ್ಯವನ್ನು, ಅಂದರೆ ನಮ್ಮ ಅರಿಯರ್ಸನ್ನು, ವೆಚ್ಚ ಮತ್ತು ಸಮಯ ಉಳಿಸಲು ಕೈಬಿಟ್ಟಿದ್ದರು. ಎಲ್ಲಕ್ಕಿಂತ ದುಬಾರಿಯಾದದ್ದು, ಹಳೇ ಪದ್ಧತಿ ಬಲ್ಲ ವೇತನ ಸಲಹೆಗಾರರನ್ನು ಮೊದಲೇ ಮನೆಗೆ ಕಳಿಸಿದ್ದು. ನೌಕರರಿಗೆ ಸಂಬಳ ಕಡಿಮೆ ಬಂತು, ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. 2018ರಲ್ಲಿ ಅಲ್ಲಿನ ಮಹಾಲೇಖಪಾಲರು ಇದನ್ನು ಅರ್ಥಕ್ಕೆ ನಿಲುಕದ ವೈಫಲ್ಯ ಎಂದರು. ನಿಮ್ಮ ವಿಭಾಗದಲ್ಲಿ ನಿವೃತ್ತಿಗೆ ಹತ್ತಿರವಿರುವ ಕೇಸ್ ವರ್ಕರ್ ಇದ್ದರೆ ಈಗಲೇ ಪರೀಕ್ಷಾ ತಂಡಕ್ಕೆ ಸೇರಿಸಿಕೊಳ್ಳಿ. ಎಕ್ಸೆಲ್ ಶೀಟಿನಲ್ಲಿ ಕೈಯಿಂದ ತಿದ್ದುವ ‘ಸಣ್ಣಪುಟ್ಟ’ ಕೆಲಸಗಳು ಅವರಿಗಷ್ಟೇ ಗೊತ್ತಿರುತ್ತವೆ, ಯಾವ ದಾಖಲೆಯಲ್ಲೂ ಇರುವುದಿಲ್ಲ.

ಪ್ರಶ್ನೆ: ಸದಸ್ಯರ ಹೆಸರುಗಳೆಲ್ಲ ಹಳೇ ನುಡಿ ಫಾಂಟಿನಲ್ಲಿವೆ. ಹೊಸ ಸಿಸ್ಟಂಗೆ ಹಾಕಿದಾಗ ಕೆಲವು ತುಂಡಾಗಿವೆ, ಕೆಲವು ಕಣ್ಣಿಗೆ ಸರಿ ಕಂಡರೂ ಹುಡುಕಿದರೆ ಸಿಗುವುದಿಲ್ಲ. ಯಾಕೆ?
— ಹಾಲು ಒಕ್ಕೂಟವೊಂದರ ಕಂಪ್ಯೂಟರ್ ಆಪರೇಟರ್, ಹಾಸನ

ಉತ್ತರ: ತುಂಡಾಗುವುದಕ್ಕೆ ಕಾರಣ ಉದ್ದದ ಲೆಕ್ಕ. ಹಳೇ ನುಡಿಯಲ್ಲಿ ತೆರೆಯ ಮೇಲೆ ಕಾಣುವ ಪ್ರತಿ ಅಕ್ಷರಚೂರಿಗೆ ಒಂದು ಬೈಟ್. ಈಗ ಎಲ್ಲ ಭಾಷೆಗೂ ಬಳಸುವ ಸಂಕೇತ ಪದ್ಧತಿ ಯುನಿಕೋಡ್. ಅದರ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ‘ಕೃಷ್ಣಮೂರ್ತಿ’ಯಲ್ಲಿ ಕ, ಋಕಾರ, ಷ, ವಿರಾಮ (ಅರ್ಧಾಕ್ಷರದ ಚಿಹ್ನೆ), ಣ, ಮ, ಊಕಾರ, ರ, ವಿರಾಮ, ತ, ಇಕಾರ ಎಂದು 11 ಸಂಕೇತಗಳು, ಒಟ್ಟು 33 ಬೈಟ್. ಹೆಸರಿನ ಕಾಲಂ 30 ಬೈಟ್‌ಗೆ ಸೀಮಿತವಾಗಿದ್ದರೆ ‘ಕೃಷ್ಣಮೂರ್ತಿ’ ಹಿಡಿಸುವುದಿಲ್ಲ, ತಂದೆಯ ಹೆಸರಂತೂ ದೂರದ ಮಾತು. ಕೆಲವು ಡೇಟಾಬೇಸ್‌ಗಳು ಎರರ್ ಕೊಡುತ್ತವೆ. ಕೆಲವು ಸೆಟ್ಟಿಂಗ್‌ಗಳಲ್ಲಿ ಸದ್ದಿಲ್ಲದೆ ಕತ್ತರಿಸಿ ಮುಂದೆ ಹೋಗುತ್ತವೆ, ಅದೇ ಅಪಾಯ. ಕಾಲಂ ಉದ್ದವನ್ನು ಬೈಟ್ ಬದಲು ಅಕ್ಷರ ಲೆಕ್ಕದಲ್ಲಿ, ಕನಿಷ್ಠ 100 ಇರಿಸಲು ಹೇಳಿ.

ಎರಡನೆಯದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ‘ತಿ’ ಆದ ಮೇಲೆ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ‘ರ್’ ಮೊದಲು. ಕೋಡಿಗೆ ಕೋಡು ಬದಲಿಸುವ ಅಗ್ಗದ ಕನ್ವರ್ಟರ್ ‘ಕೃಷ್ಣಮೂತಿರ್’ ಎಂದು ಕೊಡುತ್ತದೆ. ಇದರ ಜೊತೆಗೆ ಟೈಪ್ ಮಾಡಿದವರ ಕೈಚಳಕವೂ ಇದೆ: ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಹಾಕಿ ‘ಮೂತಿ೯’, ಅನುಸ್ವಾರದ ಬದಲು ಸೊನ್ನೆ ಹಾಕಿ ‘ಗ೦ಗಮ್ಮ’. ಕಣ್ಣಿಗೆ ವ್ಯತ್ಯಾಸವೇ ಕಾಣದು, ಯಂತ್ರಕ್ಕೆ ಅದು ಅಂಕಿ. ಹೆಸರಿನ ಕಾಲಂನಲ್ಲಿ ೦ ಮತ್ತು ೯ ಇರುವ ಸಾಲುಗಳನ್ನೆಲ್ಲ ಮೊದಲು ತೆಗೆದು ನೋಡಿ.

ಹುಡುಕಿದರೆ ಸಿಗದಿರುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ‘ಗೋ’ ಎಂಬುದನ್ನು ಗ ಮತ್ತು ಓಕಾರ ಎಂದು ಎರಡು ಸಂಕೇತದಲ್ಲೂ ಬರೆಯಬಹುದು, ಗ, ಎಕಾರ, ಊಕಾರ, ದೀರ್ಘ ಎಂದು ನಾಲ್ಕರಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಮಾದರಿ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ಕೂಡಿಕೊಳ್ಳದಂತೆ ನಡುವೆ ಕಾಣದ ಸಂಕೇತವೊಂದು ಕೂತಿರುತ್ತದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಮಾಡಿ ಅದರಲ್ಲಿ ಮಾತ್ರ ಆ ಸಂಕೇತವನ್ನು ಕಿತ್ತುಹಾಕಿ, ತೋರಿಸುವ ಹೆಸರನ್ನು ಮುಟ್ಟಬೇಡಿ. ಹಳೇ ಫಾಂಟಿನ ಮೂಲ ಬೈಟ್‌ಗಳನ್ನು ಇನ್ನೊಂದು ಕಾಲಂನಲ್ಲಿ ಹಾಗೇ ಇಟ್ಟುಕೊಂಡರೆ, ಕನ್ವರ್ಟರ್ ತಪ್ಪು ಆರು ತಿಂಗಳ ಮೇಲೆ ಸಿಕ್ಕರೂ ಮತ್ತೆ ಓಡಿಸಬಹುದು.

ಪ್ರಶ್ನೆ: ಹಳೇ ಪ್ರೋಗ್ರಾಮಿಂಗ್ ಭಾಷೆಯಾದ ಕೋಬಾಲ್‌ನ ಪ್ರೋಗ್ರಾಂಗಳನ್ನು ಟೂಲ್ ಬಳಸಿ ತಾನಾಗಿಯೇ ಹೊಸ ಭಾಷೆಗೆ ಬದಲಿಸಿದರೆ ಮುಗಿಯಿತಲ್ಲವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೋಡ್ ಬದಲಾಗುತ್ತದೆ, ಉತ್ತರವೂ ಬದಲಾಗಬಹುದು. ಕೋಬಾಲ್‌ನಲ್ಲಿ ‘ರೌಂಡೆಡ್’ ಎಂದು ಬರೆಯದಿದ್ದರೆ ಉಳಿದ ಅಂಕಿಗಳು ಕತ್ತರಿಸಿಹೋಗುತ್ತವೆ. ಬಡ್ಡಿ 112.345 ಮತ್ತು 112.375 ಬಂತೆನ್ನಿ. ಕತ್ತರಿಸಿದರೆ 112.34, 112.37. ಶಾಲೆಯಲ್ಲಿ ಕಲಿತಂತೆ ಮಾಡಿದರೆ 112.35, 112.38. ಸಿ ಶಾರ್ಪ್ ಭಾಷೆಯ ಡೆಸಿಮಲ್ ರೌಂಡಿಂಗ್ ತಾನಾಗಿ ಸಮಸಂಖ್ಯೆಯ ಕಡೆ ವಾಲುವುದರಿಂದ 112.34, 112.38. ಮೂರು ದಾರಿ, ಮೂರು ಉತ್ತರ. ಲಕ್ಷಾಂತರ ಖಾತೆಗಳಿಗೆ ಪ್ರತಿ ತಿಂಗಳು ಇದು ನಡೆದರೆ ಆಡಿಟರ್ ಕೇಳಿಯೇ ಕೇಳುತ್ತಾರೆ.

ಸಂಖ್ಯೆ ಕೂರುವ ರೀತಿಯೂ ಬೇರೆ. ಕೋಬಾಲ್ ಓಡುವ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್‌ನ ಪ್ಯಾಕ್ಡ್ ಡೆಸಿಮಲ್‌ನಲ್ಲಿ 12345 ಮೂರು ಬೈಟ್‌ಗಳಲ್ಲಿ 12, 34, 5ಸಿ ಎಂದು ಕೂರುತ್ತದೆ. ಕೊನೆಯ ‘ಸಿ’ ಧನ ಚಿಹ್ನೆ. ‘ಡಿ’ ಇದ್ದರೆ ಋಣ. ಆ ಅರ್ಧ ಬೈಟನ್ನು ಕೈಬಿಟ್ಟರೆ ಓವರ್‌ಡ್ರಾಫ್ಟ್ ಖಾತೆ ಠೇವಣಿಯಾಗಿ ಕಾಣುತ್ತದೆ. ಇನ್ನು ಅಕಾರಾದಿ: ಮೇನ್‌ಫ್ರೇಮ್‌ನ ಎಬ್‌ಸಿಡಿಕ್ ಎಂಬ ಅಕ್ಷರ ಸಂಕೇತದಲ್ಲಿ ಇಂಗ್ಲಿಷ್ ಅಕ್ಷರ ಮೊದಲು, ಅಂಕಿ ಆಮೇಲೆ. ಸಾಮಾನ್ಯ ಕಂಪ್ಯೂಟರ್‌ಗಳ ಆಸ್ಕಿ ಸಂಕೇತದಲ್ಲಿ ತಿರುಗುಮುರುಗು. ಎರಡು ಫೈಲ್‌ಗಳು ಒಂದೇ ಕ್ರಮದಲ್ಲಿವೆ ಎಂದು ನಂಬಿ ಜೋಡಿಸುವ ಪ್ರೋಗ್ರಾಂ, ಒಂದು ಫೈಲ್ ಮಾತ್ರ ಹೊಸ ಕಡೆಯಿಂದ ಬಂದಾಗ ದಾಖಲೆಗಳನ್ನು ಎರರ್ ಇಲ್ಲದೆ ಹಾರಿಸಿಬಿಡುತ್ತದೆ. ಟೂಲ್ ಬಳಸಿ, ತಪ್ಪಿಲ್ಲ. ಸಮಯವನ್ನು ಮಾತ್ರ ಪರೀಕ್ಷೆಗೇ ಹೆಚ್ಚು ಇಡಿ.

ಪ್ರಶ್ನೆ: ಸಿಂಡಿಕೇಟ್, ಕೆನರಾ ಎರಡೂ ಒಂದೇ ಬಗೆಯ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದವಂತೆ. ಹಾಗಿದ್ದೂ ಸಿಂಡಿಕೇಟ್ ಕೆನರಾದಲ್ಲಿ ವಿಲೀನವಾದ ಮೇಲೆ ನಮ್ಮ ಐಎಫ್‌ಎಸ್‌ಸಿ ಯಾಕೆ ಬದಲಾಯಿತು?
— ನಿವೃತ್ತ ಶಿಕ್ಷಕಿ, ಉಡುಪಿ

ಉತ್ತರ: ಸಾಫ್ಟ್‌ವೇರ್ ಒಂದೇ ಆದರೂ ಶಾಖೆಗಳ ಸಂಖ್ಯೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ, ಎರಡೂ ಕಡೆ ಒಂದೇ ನಂಬರಿನ ಶಾಖೆಗಳಿರಬಹುದು. ಅದಕ್ಕೇ ಎಸ್‌ವೈಎನ್‌ಬಿ ಹೋಗಿ ಸಿಎನ್‌ಆರ್‌ಬಿ ಬಂತು, ಶಾಖಾ ಸಂಖ್ಯೆಗೆ 10000 ಸೇರಿತು. ಹಳೇ ಕೋಡ್‌ಗಳು 2021ರ ಜುಲೈ 1ರಿಂದ ನಿಂತವು. ಬ್ಯಾಂಕ್ ತನ್ನೊಳಗಿನದನ್ನು ಬದಲಿಸಿಕೊಳ್ಳಬಹುದು, ಆದರೆ ಆ ಕೋಡ್ ಸಂಬಳ ಕೊಡುವ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ, ಮ್ಯೂಚುವಲ್ ಫಂಡಿನಲ್ಲಿ ಕೂತಿರುತ್ತದೆ. ನಿಮ್ಮ ಹಳೇ ಪಾಲಿಸಿಗಳ ಮೆಚ್ಯೂರಿಟಿ ಅರ್ಜಿಯಲ್ಲಿ ಯಾವ ಕೋಡ್ ಇದೆ ಎಂದು ಒಮ್ಮೆ ನೋಡಿ.

ಪ್ರಶ್ನೆ: ಬದಲಾವಣೆ ಮುಗಿದ ಮೇಲೆ ಹಳೇ ಸರ್ವರ್ ಗುಜರಿಗೆ ಹಾಕಬಹುದೇ?
— ಖಾಸಗಿ ಕಂಪನಿಯ ಲೆಕ್ಕಾಧಿಕಾರಿ, ಹುಬ್ಬಳ್ಳಿ

ಉತ್ತರ: ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷ ಇಟ್ಟಿರಬೇಕು. ಹೊಸದಕ್ಕೆ ಬಂದಿರುವುದು ಬರೀ ಆರಂಭಿಕ ಬಾಕಿಯಾದರೆ ಹಳೇ ವೋಚರ್‌ಗಳನ್ನು ತೆರೆಯಲು ಹಳೇ ಸಾಫ್ಟ್‌ವೇರೇ ಬೇಕು. ಡಿಸ್ಕ್ ಇಮೇಜ್ ತೆಗೆದು ವರ್ಚುವಲ್ ಮೆಷಿನ್‌ನಲ್ಲಿ, ಹೊಸ ನಮೂದು ಸಾಧ್ಯವಾಗದಂತೆ ಓಡಿಸಿ. ನೆಟ್‌ವರ್ಕ್‌ಗೆ ಜೋಡಿಸಬೇಡಿ, ಹಳೇ ಆಪರೇಟಿಂಗ್ ಸಿಸ್ಟಂಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಸರ್ವರ್ ಬಿಚ್ಚುವ ಮುನ್ನ ಹಿಂಬದಿ ನೋಡಿ: ಆ ಕಾಲದ ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಲವು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಬೆರಳುದ್ದದ ಡಾಂಗಲ್ ಇಲ್ಲದೆ ತೆರೆಯುವುದೇ ಇಲ್ಲ. ಹೊಸ ಯಂತ್ರಗಳಲ್ಲಿ ಆ ಪೋರ್ಟ್ ಇರುವುದಿಲ್ಲ. ಡಾಂಗಲ್ ಇದ್ದರೆ ಅದು ಚುಚ್ಚುವ ಹಳೇ ಯಂತ್ರವೊಂದನ್ನೂ ಉಳಿಸಿಕೊಳ್ಳಿ, ಇಲ್ಲವೇ ಎಲ್ಲ ಲೆಡ್ಜರ್, ವೋಚರ್‌ಗಳನ್ನು ಪಿಡಿಎಫ್ ಮತ್ತು ಸಿಎಸ್‌ವಿ ಎರಡೂ ರೂಪದಲ್ಲಿ ತೆಗೆಸಿ, ಆಡಿಟರ್ ನೋಡಿ ಒಪ್ಪಿದ ಮೇಲೆ ಗುಜರಿಯವನಿಗೆ ಫೋನ್ ಮಾಡಿ. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಟ್ಟುಕೊಳ್ಳಿ.